ಚಿವುಟುವ ಕುರ್ಚಿ

ಊರೂರು ಸುತ್ತಿ, ಕಂಡವರ ಮನೆಯ ಜಗಲಿಯಲ್ಲಿ ಕೂತು, ಬೆಲ್ಲ ತಿಂದು ನೀರು ಕುಡಿದು ಬರುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ನಂಬದವರು ನನ್ನ ರಕ್ತ ಪರೀಕ್ಷೆ ಮಾಡಿಸಿ ನೋಡಬಹುದು. ಅದರಲ್ಲಿರುವ ಸಕ್ಕರೆ ನನ್ನ ಇಡೀ ಸೇವಾವಧಿಗೆ ಸಿಕ್ಕ ಏಕೈಕ ಪ್ರಶಸ್ತಿ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಪಿಯುಸಿ ಮುಗಿಸಿ, ಮುಂದೆ ಓದುವ ಆಸೆಯಿದ್ದೂ ಅನುಕೂಲವಿಲ್ಲದ ಮಕ್ಕಳಿಗೆ ಕಾಲೇಜು ಮುಗಿಯುವ ತನಕ ನೆರವು ಕೊಡುವ ನಿಧಿಯೊಂದಿದೆ. ಸರ್ಕಾರದ್ದಲ್ಲ, ದೊಡ್ಡ ಕಂಪನಿಯದೂ ಅಲ್ಲ. ತೋಟದವರು, ಕೂಲಿಗೆ ಹೋಗುವವರು, ಆಟೋ ಓಡಿಸುವವರು, ಹೋಟೆಲಿನವರು, ಹೀಗೆ ಊರವರೇ ಕೂಡಿ ಹಾಕಿದ್ದು. ಅದರ ಕಚೇರಿಯಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಆದರೆ ಬೀಗ ತೆಗೆದು ಕಸ ಗುಡಿಸುವುದೂ ನಾನೇ, ಅಧ್ಯಕ್ಷರ ಭಾಷಣ ಬರೆಯುವುದೂ ನಾನೇ. ಕಚೇರಿಯೆಂದರೆ ಕೊಪ್ಪದ ಪೇಟೆಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ. ಸಂಜೆ ನಾನು ಮನೆಯ ಮೆಟ್ಟಿಲು ಹತ್ತುವ ಮೊದಲೇ ವಾಸನೆ ಹಿಡಿದು ನಮ್ಮ ಮನೆಯವರು "ಯೂರಿಯಾ ಬಂತು, ಕಾಫಿಗೆ ಇಡು" ಎಂದು ಮಗಳಿಗೆ ಕೂಗಿ ಹೇಳುತ್ತಿದ್ದರು.

ಈಗ ಆ ಕೋಣೆಗೆ ಅನುಷಾ ಬಂದಿದ್ದಾಳೆ. ನನ್ನ ಕಡೆಯ ವರ್ಷ ಜೊತೆಯಲ್ಲೇ ಓಡಾಡಿ ಕೆಲಸ ಕಲಿತವಳು, ಚುರುಕು ಹುಡುಗಿ. "ಲಲಿತಕ್ಕ, ನೀವು ಕೆಲ್ಸ ಹೆಂಗೆ ಮಾಡ್ತಿದ್ರಿ ಅಂತ ಬರೆದು ಕೊಡಿ, ನನ್ನ ನಂತರ ಬರೋರಿಗೂ ಆಗುತ್ತೆ" ಎಂದು ಹಟ ಹಿಡಿದಳು. ಹೇಗೆ ಮಾಡಬೇಕು ಎಂಬುದು ನಿಧಿಯ ನಿಯಮಾವಳಿಯಲ್ಲಿ ಅಚ್ಚಾಗಿದೆ. ಎಲ್ಲೆಲ್ಲಿ ಮುಗ್ಗರಿಸಬಹುದು ಎಂಬುದು ಅದರಲ್ಲಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಆ ಎರಡನೆಯದೇ ಆದ್ದರಿಂದ ಅದನ್ನು ಬರೆಯುತ್ತೇನೆ.

ಮೊದಲು ನಮ್ಮ ಅಧ್ಯಕ್ಷರ ವಿಷಯ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಶೇಷಪ್ಪ ಗೌಡರು ನಿಧಿ ಶುರುವಾದಂದಿನಿಂದ, ಮಂಡಿ ನೋವು ಬಂದು ಮನೆಯಲ್ಲಿ ಕೂರುವ ತನಕ ಅಧ್ಯಕ್ಷರಾಗಿದ್ದವರು. ಸ್ವಲ್ಪ ಅಡಿಕೆ, ಸ್ವಲ್ಪ ಕಾಫಿ ಇದ್ದ ಮನುಷ್ಯ. ಆಳೂ ದೊಡ್ಡದು, ದನಿ ಇನ್ನೂ ದೊಡ್ಡದು. ಮೈಕು ಕೆಟ್ಟರೆ ಸಭೆಯಲ್ಲಿ ಯಾರೂ ಗಾಬರಿಯಾಗುತ್ತಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ಅವರೇ ಮರೆತಿರುತ್ತಿದ್ದರು. ಅವರದು ಒಂದೇ ಹಟ: "ನನ್ನ ಕಣ್ಣಲ್ಲಿ ಕಾಣದೆ ನಾನು ಸಹಿ ಹಾಕಲ್ಲ." ಈ ಹಟದಿಂದ ನಿಧಿಗೆ ಆದ ಲಾಭವೂ ಉಂಟು, ನಮಗಾದ ಪಜೀತಿಯೂ ಉಂಟು.

ಲಾಭದ್ದು ಮೊದಲು ಹೇಳುತ್ತೇನೆ. ತೋಟವಿದ್ದವರು ತಲಾ ಒಂದು ಅಡಿಕೆ ಮರವನ್ನು ನಿಧಿಗೆಂದು ಬಿಡಬೇಕು, ಕೊಯ್ಲಿನಲ್ಲಿ ಆ ಮರದ ಗೊನೆ ಮಾರಿ ಬಂದದ್ದು ಮಕ್ಕಳ ಓದಿಗೆ ಎಂದು ಮೊದಲ ಸಭೆಯಲ್ಲೇ ತೀರ್ಮಾನವಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದ್ದರು. ಕೊಯ್ಲು ಮುಗಿದಾಗ ನೋಡಿದರೆ ಬಂದದ್ದು ಏನೇನೂ ಸಾಲದು. ಗೌಡರು ನನ್ನನ್ನು ಜೀಪಿಗೆ ಹತ್ತಿಸಿಕೊಂಡು ತೋಟ ನೋಡಲು ಹೊರಟರು. ಮುತ್ತಿನಕೊಪ್ಪದ ಹತ್ತಿರ ಒಬ್ಬ ಯಜಮಾನರು ನಮ್ಮನ್ನು ಸಾಲು ಸಾಲು ದಾಟಿಸಿ, ನೀರು ಬಸಿಯುವ ಕಪ್ಪು ದಾಟಿಸಿ, ಬೇಲಿಯ ಮೂಲೆಗೆ ಕರೆದುಕೊಂಡು ಹೋದರು. "ಅಕೊಳ್ಳಿ, ಬಗ್ಗಿದೆಯಲ್ಲ, ಅದೇ ನಿಧಿ ಮರ." ತುದಿಯಲ್ಲಿ ಎರಡು ಸೋಗೆ ಜೋತಾಡುತ್ತಿದ್ದವು. ಅಡಿಕೆ ಹಿಡಿಯುವ ಯೋಚನೆಯನ್ನು ಆ ಮರ ಯಾವ ಕಾಲದಲ್ಲೋ ಬಿಟ್ಟಿತ್ತು.

ಗೌಡರು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. "ಎಂತ ಮಾರಾಯ, ಇದಕ್ಕೇ ಮೊದಲು ಸ್ಕಾಲರ್‌ಶಿಪ್ ಕೊಡ್ಬೇಕಲ್ಲ!"

ಆ ವರ್ಷವೇ ನಿಯಮ ತಿದ್ದಿದೆವು. ನಿಧಿ ಮರ ದಾರಿಯ ಪಕ್ಕದಲ್ಲಿರಬೇಕು, ಅದಕ್ಕೆ ಕೆಂಪು ಬಣ್ಣದ ಪಟ್ಟೆ ಬಳಿದಿರಬೇಕು. ಅಷ್ಟೇ. ದಾರಿಯಲ್ಲಿ ಹೋಗುವ ನಾಲ್ಕು ಜನ ನೋಡುತ್ತಾರೆ ಎಂದಾಗ ಯಾರು ತಾನೆ ಮರ ಒಣಗಲು ಬಿಡುತ್ತಾರೆ? ಮಳೆಗಾಲಕ್ಕೆ ಮೊದಲ ಔಷಧಿ ಅದಕ್ಕೆ, ಮೊದಲ ಬುಟ್ಟಿ ಗೊಬ್ಬರ ಅದಕ್ಕೆ. "ಅವರ ಪಟ್ಟೆ ಮರದಲ್ಲಿ ಮೂರು ಗೊನೆಯಂತೆ, ನಮ್ದರಲ್ಲಿ ಎರಡೇ" ಎಂದು ಬಸ್ಸಿನಲ್ಲಿ ಹೊಟ್ಟೆ ಉರಿಸಿಕೊಂಡವರನ್ನು ನಾನೇ ಕೇಳಿದ್ದೇನೆ. ತೋಟವೇ ಇಲ್ಲದವರು ಏನು ಹಾಕುವುದು ಎಂಬ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಅದನ್ನು ಕೇಳಿದವರು ತೋಟದ ಕೆಲಸಕ್ಕೆ ಬರುವ ಹೆಂಗಸರು. ತಮ್ಮ ತಮ್ಮ ಸಂಘಗಳಲ್ಲಿ ಮಾತಾಡಿಕೊಂಡು, ಕೊಯ್ಲಿನ ಕಾಲದಲ್ಲಿ ಒಂದು ದಿನದ ಕೂಲಿ ನಿಧಿಗೆ ಎಂದು ಅವರೇ ನಿರ್ಧರಿಸಿ ತಂದುಕೊಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಣ ಸೇರಿಸುವುದಕ್ಕಿಂತ ಕಷ್ಟದ ಕೆಲಸ ಅದು ಯಾರಿಗೆ ಸೇರಬೇಕೆಂದು ಹುಡುಕುವುದು. ಮೊದಮೊದಲು ಮಕ್ಕಳನ್ನು ಕೊಪ್ಪಕ್ಕೆ ಕರೆಸಿ, ಮೇಜಿನ ಆಚೆ ನಿಲ್ಲಿಸಿ ಸಂದರ್ಶನ ಮಾಡುತ್ತಿದ್ದೆವು. ಗೌಡರ ಮೊದಲ ಪ್ರಶ್ನೆ "ನಿನ್ನ ಗುರಿ ಎಂತ?" ಆ ಗುಡುಗಿಗೆ ಅರ್ಧ ಮಕ್ಕಳಿಗೆ ತಮ್ಮ ಹೆಸರೂ ಮರೆತುಹೋಗುತ್ತಿತ್ತು. ಉಳಿದರ್ಧ ಮಕ್ಕಳು ಯಾರೋ ಮೇಷ್ಟ್ರು ಹೇಳಿಕೊಟ್ಟಂತೆ "ಐ.ಎ.ಎಸ್. ಮಾಡಿ ದೇಶಸೇವೆ ಮಾಡುವುದು" ಎಂದು ಒಪ್ಪಿಸುತ್ತಿದ್ದರು. ಒಂದು ಮಧ್ಯಾಹ್ನ ಅಷ್ಟೊಂದು ಜಿಲ್ಲಾಧಿಕಾರಿಗಳನ್ನು ನೋಡಿ ಗೌಡರಿಗೂ ಸಾಕಾಗಿತ್ತು. ಕಡೆಗೆ ಬೇಗಾರಿನ ಕಡೆಯ ಹುಡುಗನೊಬ್ಬ ಬಂದ. ಅದೇ ಪ್ರಶ್ನೆ. ಹುಡುಗ ತಲೆ ಕೆರೆದುಕೊಂಡು, "ಗುರಿ ಅಂತ ಎಂತೂ ಇಲ್ಲ ಅಯ್ಯಾ. ನನ್ನ ಜೊತೆಯೋರೆಲ್ಲ ಬೆಳಿಗ್ಗೆ ಬಸ್ಸಿಗೆ ಕಾಲೇಜಿಗೆ ಹೋಗ್ತಾರೆ. ನಾನೂ ಆ ಬಸ್ಸಿಗೆ ಹತ್ಬೇಕು" ಎಂದ. ಗೌಡರು ಮೇಜು ಕುಟ್ಟಿ, "ಇವನೊಬ್ಬ ನಿಜ ಹೇಳ್ದ!" ಎಂದು ಕೂಗಿದರು. ಹುಡುಗ ಹೆದರಿ ಬಾಗಿಲಿನ ತನಕ ಓಡಿದ್ದ, ನಾನೇ ಹಿಡಿದು ತಂದೆ. ಅವನು ಈಗ ಅದೇ ದಾರಿಯ ಬಸ್ಸಿನಲ್ಲಿ ಕಾಲೇಜಿಗೆ ಪಾಠ ಮಾಡಲು ಹೋಗುತ್ತಾನೆ.

ಮಕ್ಕಳು ಅವರ ಮನೆಯಲ್ಲಾದರೆ ಬಾಯಿ ಬಿಡುತ್ತಾರೆ, ಮನೆಯ ಸ್ಥಿತಿಯೂ ಕಣ್ಣಿಗೆ ಬೀಳುತ್ತದೆ ಎಂದು ಸಂದರ್ಶನ ಬಿಟ್ಟು ಮನೆ ಭೇಟಿ ಶುರು ಮಾಡಿದೆವು. ಹಿಂದಿನ ದಿನ ಫೋನು ಮಾಡಿ ತಿಳಿಸುವುದು, ಮರುದಿನ ಗೌಡರೂ ನಾನೂ ಜೀಪಿನಲ್ಲಿ ಹೋಗುವುದು. ಇಲ್ಲಿಂದಲೇ ನಮ್ಮ ಅಸಲಿ ಪಜೀತಿ ಆರಂಭ.

ಶೃಂಗೇರಿ ಕಡೆಯ ಒಂದು ಊರು, ಹೆಸರು ಬೇಡ. ಮನೆಯ ಯಜಮಾನರು ಹರಕು ಬನಿಯನ್ ಹಾಕಿಕೊಂಡು ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರು. "ಎಂತ ಮಾಡದು ಗೌಡ್ರೆ, ರೋಗ ಬಂದು ತೋಟ ಹೋಯ್ತು. ಮಗನ್ನ ಓದ್ಸೋ ಶಕ್ತಿ ಇಲ್ಲ." ಒಳಗೆ ನಮಗೆ ಒಂದು ಹಳೆಯ ಬೆಂಚು. ಗೌಡರ ಮನಸ್ಸು ಕರಗಿತ್ತು, ನನ್ನ ಪೆನ್ನೂ ಹೊರಗೆ ಬಂದಿತ್ತು. ಯಜಮಾನರು ನಿಟ್ಟುಸಿರು ಬಿಡುತ್ತ ನಮ್ಮೆದುರು ಕುಕ್ಕರಗಾಲಿನಲ್ಲಿ ಕೂತರು. ಕೂತದ್ದೇ ತಡ, ಕೊಟ್ಟಿಗೆಯಲ್ಲಿ "ಕುಂಯ್ ಕುಂಯ್" ಎಂದು ಸದ್ದಾಯಿತು. ಹುಲ್ಲಿನ ರಾಶಿಯೊಳಗಿಂದ ಎರಡು ಹಳದಿ ದೀಪ ಮಿಣಮಿಣ ಎಂದು ಹೊತ್ತಿ ಆರಿದವು. ಕಾರಿನ ರಿಮೋಟು ಅವರ ಚಡ್ಡಿಯ ಜೇಬಿನಲ್ಲೇ ಉಳಿದಿತ್ತು. ಏಳಲು ಹೋದರು, ಮತ್ತೊಮ್ಮೆ "ಕುಂಯ್".

ಗೌಡರು ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ ಕೇಳಿದರು: "ಇದು ಯಾವ ತಳಿ? ಹೊತ್ತಿಗೆಷ್ಟು ಹಾಲು ಕೊಡುತ್ತೆ?"

ಜೀಪು ಹತ್ತಿದ ಮೇಲೆ ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು. ಆದರೆ ಆ ನಗು ನಮ್ಮ ತಲೆ ಕೆಡಿಸಿತು. ಜನ ಇದ್ದದ್ದನ್ನು ಬಚ್ಚಿಡುತ್ತಾರೆ, ನಾವು ಹುಷಾರಾಗಿರಬೇಕು ಎಂದು ಗೌಡರು ತೀರ್ಮಾನಿಸಿಬಿಟ್ಟರು. ಆಮೇಲೆ ಯಾವ ಮನೆಗೆ ಹೋದರೂ ಅವರ ಕಣ್ಣು ಕೊಟ್ಟಿಗೆಯ ಕಡೆ, ಅಟ್ಟದ ಕಡೆ. ಇಲ್ಲದ್ದನ್ನು ತಂದಿಟ್ಟುಕೊಳ್ಳುವವರೂ ಇರುತ್ತಾರೆ ಎಂಬುದು ನಮ್ಮಿಬ್ಬರ ತಲೆಗೂ ಬರಲಿಲ್ಲ.

ಅದನ್ನು ಕಲಿಸಿದ್ದು ಕಡಹಿನಬೈಲಿನ ಕಡೆಯ ಗಿರಿಜ. ತೋಟದ ಕೂಲಿ ಮಾಡುವ ಹೆಂಗಸು, ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಒಬ್ಬಳೇ ಮಗಳು ಸವಿತ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು, ಶಿವಮೊಗ್ಗದಲ್ಲಿ ಲ್ಯಾಬ್ ಕೋರ್ಸಿಗೆ ಸೀಟು ಸಿಕ್ಕಿ, ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು. ನಿಧಿ ಕೈ ಹಿಡಿದರೆ ಕಾಲೇಜು, ಇಲ್ಲದಿದ್ದರೆ ಅಮ್ಮನ ಜೊತೆ ಅಡಿಕೆ ಸುಲಿಯಲು ಹೋಗುವುದು. ಅವಳ ಅರ್ಜಿಯನ್ನು ಓದಿದಾಗ ಇದು ಆಗಬೇಕಾದ ಕೇಸು ಎಂದು ನನಗೆ ಅನ್ನಿಸಿತ್ತು.

ನಾವು ಹೋದಾಗ ಜಗಲಿಯಲ್ಲಿ ಆರು ನೀಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ ನಿಂತಿದ್ದವು. ಒಳಗೆ ಗೂಡಿನಲ್ಲಿ ಮಿಕ್ಸಿ, ಅದರ ಪಕ್ಕ ಟೀವಿ. ಹೂವಿನ ಚಿತ್ರದ ಟ್ರೇಯಲ್ಲಿ ಫಳಫಳ ಹೊಳೆಯುವ ಲೋಟಗಳಲ್ಲಿ ಗಟ್ಟಿ ಹಾಲಿನ ಕಾಫಿ, ತುಪ್ಪ ತೇಲುವ ಕೇಸರಿಬಾತು. ಗಿರಿಜ ಇಸ್ತ್ರಿ ಮಾಡಿದ ಸೀರೆಯುಟ್ಟು "ತಿನ್ನಿ ಅಯ್ಯಾ, ಇನ್ನೊಂಚೂರು ಹಾಕ್ತೀನಿ" ಎಂದು ಒತ್ತಾಯ ಮಾಡಿದಳು. ಗೌಡರು ಕೂತ ಕುರ್ಚಿಯ ನಡುವೆ ಒಂದು ಬಿರುಕು. ಅವರು ಅತ್ತಿತ್ತ ಮೈ ಅಲ್ಲಾಡಿಸಿದಾಗ ಅದು ಬಾಯಿ ತೆರೆದು ಮುಚ್ಚಿ, ತೊಡೆಯ ಹಿಂಭಾಗವನ್ನು ಸರಿಯಾಗಿ ಚಿವುಟಿತು. "ಅಯ್ಯಪ್ಪ!" ಎಂದು ಎದ್ದು, ಏನೂ ಆಗಿಲ್ಲವೆಂಬಂತೆ ಪಂಚೆ ಸರಿಮಾಡಿಕೊಂಡು ಪಕ್ಕದ ಕುರ್ಚಿಗೆ ಹೋದರು.

ಜೀಪಿನಲ್ಲಿ ಅವರು ಖಡಾಖಂಡಿತ ಹೇಳಿದರು. "ಇವರಿಗೆ ಬೇಡ ಲಲಿತಮ್ಮ. ಮಿಕ್ಸಿ ಇದೆ, ಟೀವಿ ಇದೆ. ಆರು ಕುರ್ಚಿ! ನಮ್ಮನೇಲಿ ಇರದು ನಾಲ್ಕು."

"ಕೂಲಿ ಮಾಡೋ ಹೆಂಗಸು ಗೌಡ್ರೆ."

"ಕೊಟ್ಟಿಗೇಲಿ ಕಾರು ಇಟ್ಕೊಂಡೋರೂ ಹರಕು ಬನಿಯನ್ ಹಾಕಿದ್ರು, ನೋಡಿಲ್ವ ನೀವು?"

ಸವಿತ ಗೇಟಿನ ತನಕ ಬಂದು ಕೈ ಮುಗಿದು ನಿಂತದ್ದು ಕಣ್ಣಿಗೆ ಕಟ್ಟಿದಂತಿತ್ತು.

ಮುಂದಿನ ಮನೆ ಗದ್ದೆಯ ಆಚೆ ದಡದಲ್ಲಿ. ಕಾಲುದಾರಿಯಲ್ಲಾದರೆ ಅಂಚಿನ ಮೇಲೆ ನಡೆದು ದಾಟಿಬಿಡಬಹುದು, ಜೀಪಿಗೆ ಮಾತ್ರ ಸುತ್ತು ದಾರಿ. ನಡುವೆ ಅಂಗಡಿಯಲ್ಲಿ ಗೌಡರಿಗೆ ಎಲೆ ಅಡಿಕೆಯ ಬಿಡುವು. ಅಲ್ಲಿಗೆ ತಲುಪಿದಾಗ ಆ ಮನೆಯ ಹುಡುಗನೂ ಅಪ್ಪನೂ ಏದುಸಿರು ಬಿಡುತ್ತ ನಿಂತಿದ್ದರು. ಜಗಲಿಯಲ್ಲಿ ನೀಲಿ ಕುರ್ಚಿಗಳು. ಈ ಬಣ್ಣವೇ ಈ ಊರಿಗೆ ಪ್ರೀತಿ ಇರಬೇಕು ಎಂದುಕೊಂಡು ನಾನು ಕೂತೆ. ಗೌಡರೂ ಕೂತರು. ಹುಡುಗನನ್ನು ಮಾತಾಡಿಸಲು ಮುಂದಕ್ಕೆ ಬಾಗಿದವರು ಗಕ್ಕನೆ ಎದ್ದು ನಿಂತರು. ಮುಖ ಕೆಂಪಾಯಿತು. ಕೈ ನಿಧಾನವಾಗಿ ತೊಡೆಯ ಹಿಂದಕ್ಕೆ ಹೋಯಿತು. ಅವರು ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕುರ್ಚಿಯನ್ನು ನೋಡಿದರು. ಮನೆಯವರ ಎದುರು ಒಂದು ಮಾತಾಡಲಿಲ್ಲ. ಹೂವಿನ ಚಿತ್ರದ ಟ್ರೇ ಬಂದಾಗ ಮಾತ್ರ ಅದಕ್ಕೊಂದು ನಮಸ್ಕಾರ ಹಾಕುವವರಂತೆ ತಲೆಯಾಡಿಸಿದರು.

ಜೀಪಿನಲ್ಲಿ ಕೂತು ಬಾಗಿಲು ಹಾಕಿದ ಮೇಲೆ ದನಿ ತಗ್ಗಿಸಿ ಹೇಳಿದರು. ಅವರು ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಲಲಿತಮ್ಮ, ಆ ಕುರ್ಚಿ ನಂಗೆ ಗುರುತು ಉಂಟು. ಅದೇ ಜಾಗದಲ್ಲಿ ಚಿವುಟ್ತು."

ಆಮೇಲೆ ತಿಳಿದದ್ದು ಇಷ್ಟು. ಗಿರಿಜಳ ನೆರೆಮನೆ ಶಾರದಮ್ಮನವರದು. ಅವರ ಆರು ಕುರ್ಚಿ, ಟ್ರೇ, ಲೋಟಗಳೇ ಆ ಕೇರಿಯ ನಾಮಕರಣಕ್ಕೂ, ಹೆಣ್ಣು ನೋಡುವ ಶಾಸ್ತ್ರಕ್ಕೂ, ಈಗ ನಮ್ಮ ಭೇಟಿಗೂ ಒದಗಿ ಬರುತ್ತಿದ್ದವು. ಟೀವಿ ಇನ್ನೊಬ್ಬರದು, ಮಿಕ್ಸಿ ಮತ್ತೊಬ್ಬರದು. ಬಡತನ ತೋರಿಸಿದರೆ ನೆರವು ಸಿಗುತ್ತದೆ ಎಂದು ಗಿರಿಜಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಮನೆಗೆ ದೊಡ್ಡವರು ಬರುತ್ತಾರೆ ಎಂದಾಗ ಆ ಲೆಕ್ಕಾಚಾರ ಅವಳ ತಲೆಗೇ ಬಂದಿರಲಿಲ್ಲ.

ಅಲ್ಲಿಂದಲೇ ಗೌಡರು ಜೀಪಿನವನಿಗೆ ಹಿಂದಕ್ಕೆ ತಿರುಗಿಸಲು ಹೇಳಿದರು. ಹೇಳದೆ ಕೇಳದೆ ಹೋಗುವುದು ಬೇಡ ಎಂದೆ. ಕೇಳಲಿಲ್ಲ.

ಈ ಸಲ ಜಗಲಿ ಬೋಳಾಗಿತ್ತು. ಗೂಡಿನಲ್ಲಿ ಮಿಕ್ಸಿಯ ಜಾಗದಲ್ಲಿ ಒಂದು ಸೀಮೆಎಣ್ಣೆ ಬುಡ್ಡಿ. ಗಿರಿಜ ಹಳೆಯ ಸೀರೆ ಸುತ್ತಿಕೊಂಡು ನೆಲದಲ್ಲಿ ಕೂತು ಗಂಜಿ ಉಣ್ಣುತ್ತಿದ್ದಳು. ನಮ್ಮನ್ನು ಕಂಡು ತಟ್ಟೆಯನ್ನು ಹಿಂದಕ್ಕೆ ಸರಿಸಿ ಎದ್ದಳು. ನಾಚಿಕೆಯಾಗಿ ತಲೆ ತಗ್ಗಿಸುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ಬರ್ತೀವಿ ಅಂತ ಒಂದು ಮಾತು ಹೇಳ್ಬಾರ್ದ ಅಯ್ಯಾ? ಹಿಂಗೆ ಬಂದು ನೋಡದ?"

"ಅದಲ್ಲಮ್ಮ, ಆ ಕುರ್ಚಿ..." ಗೌಡರು ತೊದಲಿದರು.

"ಹೌದು, ಕುರ್ಚಿ ನಮ್ದಲ್ಲ. ಬಂದೋರನ್ನ ನೆಲಕ್ಕೆ ಕೂರ್ಸಿ ಬರಿ ಚಾ ಕೊಟ್ಟು ಕಳ್ಸಿದ್ರೆ ನಾಳೆ ಊರಲ್ಲಿ ನಾನು ತಲೆ ಎತ್ತದು ಹೆಂಗೆ? ನಮಗೂ ಮರ್ಯಾದೆ ಇಲ್ವ?" ಅವಳು ತಟ್ಟೆಯನ್ನು ಎತ್ತಿಕೊಂಡಳು. "ಬೇಡ. ನಿಮ್ಮ ದುಡ್ಡು ನಮಗೆ ಬೇಡ. ನನ್ನ ಮಗಳು ನನ್ ಜೊತೆ ಕೆಲ್ಸಕ್ಕೆ ಬತ್ತಾಳೆ."

ಬಾಗಿಲ ಹಿಂದೆ ಸವಿತ ಸೆರಗಿನಂತೆ ದುಪ್ಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನನಗೆ ಗೌಡರ ಮೇಲೆ ವಿಪರೀತ ಕೋಪ ಬಂತು. ಕೊಡಬೇಕೆಂದು ಬಂದು, ಅವಳು ತೆಗೆದುಕೊಳ್ಳಲಾರದಂತೆ ಮಾಡಿಬಿಟ್ಟಿದ್ದೆವು. ಇನ್ನು ಏನು ಹೇಳಿದರೂ ಅದು ಗಾಯಕ್ಕೆ ಉಪ್ಪೇ ಆಗುತ್ತಿತ್ತು.

ಗೌಡರು ಜಗಲಿಯ ಅಂಚಿಗೆ ಹೋಗಿ, ಚಾಪೆಗೂ ಕಾಯದೆ ಬರೀ ನೆಲದಲ್ಲಿ ಕೂತು, ಚಪ್ಪಲಿ ಕಳಚಿಟ್ಟು, "ಗಿರಿಜಮ್ಮ, ಬಾಯಾರ್ತಾ ಉಂಟು. ಒಂಚೂರು ಬೆಲ್ಲ-ನೀರು ಸಿಗುತ್ತ?" ಎಂದರು.

ನಮ್ಮ ಸೀಮೆಯಲ್ಲಿ ಸಿಟ್ಟು ಎಷ್ಟೇ ಇರಲಿ, ನೀರು ಕೇಳಿದವರಿಗೆ ಇಲ್ಲವೆನ್ನುವುದಿಲ್ಲ. ಗಿರಿಜ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಾಳೆ ಎಲೆಯ ಚೂರಿನಲ್ಲಿ ಒಂದು ತುಂಡು ಬೆಲ್ಲ, ಚೊಂಬಿನಲ್ಲಿ ತಣ್ಣಗಿನ ಬಾವಿ ನೀರು ತಂದು ಮುಂದಿಟ್ಟಳು. ಗೌಡರು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ನೀರನ್ನು ಗಟಗಟ ಕುಡಿದು, ಚೊಂಬು ಕೆಳಗಿಟ್ಟು ಕೇಳಿದರು: "ಇದಾದ್ರೂ ನಿಮ್ದೇ ತಾನೆ?"

ಗಿರಿಜ ಅವರ ಮುಖವನ್ನೇ ನೋಡಿದಳು. ತುಟಿ ಬಿಗಿಹಿಡಿದಳು. ಆದರೂ ತಡೆಯಲಾಗಲಿಲ್ಲ.

"ಬೆಲ್ಲ ನಮ್ದೇ ಅಯ್ಯಾ. ಚೊಂಬು ಶಾರದಮ್ಮೋರ್ದು. ವಾಪಸ್ ಕೊಡದು ಮರ್ತೋಯ್ತು."

ಚೊಂಬಿನ ಕುತ್ತಿಗೆಯ ಮೇಲೆ ಶಾರದಮ್ಮನ ಹೆಸರು ದುಂಡಗೆ ಕೊರೆದಿತ್ತು. ಮೊದಲು ನಕ್ಕದ್ದು ಯಾರೋ ನನಗೆ ನೆನಪಿಲ್ಲ. ಬಾಗಿಲ ಹಿಂದಿನ ಅಳುವೂ ನಗುವಾಯಿತು. ಗೌಡರು ನಕ್ಕ ರಭಸಕ್ಕೆ ಗಂಟಲಲ್ಲಿ ಬೆಲ್ಲ ಸಿಕ್ಕಿ ಕೆಮ್ಮಿದರು, ಗಿರಿಜಳೇ ಇನ್ನೊಂದು ಚೊಂಬು ನೀರು ತಂದುಕೊಟ್ಟಳು. ಅಷ್ಟು ಹೊತ್ತಿಗೆ ಅವಳು ಮತ್ತೆ ಆ ಮನೆಯ ಯಜಮಾನಿ, ನಾವು ಅವಳ ಮನೆಗೆ ಬಂದ ನೆಂಟರು.

ಆಗ ನಾನು ಬಾಯಿ ಹಾಕಿದೆ. "ಗಿರಿಜ, 'ನಿಮ್ಮ ದುಡ್ಡು' ಅಂದ್ಯಲ್ಲ, ಅದು ನಮ್ಮಿಬ್ಬರದಲ್ಲ ಮಾರಾಯ್ತಿ. ಕೊಯ್ಲಲ್ಲಿ ನಿಮ್ಮ ಸಂಘದೋರು ಒಂದು ದಿನದ ಕೂಲಿ ಕೊಟ್ರಲ್ಲ, ನೀನು ಕೊಡ್ಲಿಲ್ವ?"

"ಕೊಟ್ಟೆ. ಎಲ್ಲರೂ ಕೊಟ್ರು."

"ಹಂಗಾದ್ರೆ ನಿನ್ನ ದುಡ್ಡನ್ನೇ ನೀನು ಬೇಡ ಅಂತಿದೀಯ."

ಅವಳು ಮಗಳ ಕಡೆ ತಿರುಗಿದಳು. "ಒಂದಿನದ ಕೂಲಿ ಎಷ್ಟು ದೂರಕ್ಕೆ ಆಗುತ್ತೆ ಅಕ್ಕ?" ಎಂದಳು. ಎಲ್ಲರದೂ ಸೇರಿದರೆ ಶಿವಮೊಗ್ಗದ ತನಕ ಆಗುತ್ತದೆ ಎಂದೆ. ಗೌಡರು ಅಲ್ಲೇ, ಜಗಲಿಯ ನೆಲದಲ್ಲೇ ಸಹಿ ಹಾಕಿದರು. ಗದ್ದೆಯ ಆಚೆಯ ಹುಡುಗನಿಗೂ ಅದೇ ದಿನ ಮಂಜೂರಾಯಿತು.

ಹಿಂತಿರುಗುವ ದಾರಿಯಲ್ಲೇ ನಿಯಮ ಮಾಡಿಕೊಂಡೆವು. ಹೇಳದೆ ಯಾರ ಮನೆಗೂ ಹೋಗಬಾರದು. ಹೇಳುವಾಗಲೇ "ನಮಗೆ ಬೆಲ್ಲ-ನೀರು, ಕೂರಲು ಒಂದು ಚಾಪೆ, ಬೇರೇನೂ ಮುಟ್ಟುವುದಿಲ್ಲ" ಎಂದು ತಿಳಿಸಬೇಕು. ತೋಟದವರ ಮನೆಯಲ್ಲೂ ಅದೇ, ಕೂಲಿಯವರ ಮನೆಯಲ್ಲೂ ಅದೇ. ಬೆಲ್ಲ ಮತ್ತು ನೀರಿಲ್ಲದ ಮನೆ ನಮ್ಮ ಮೂರು ತಾಲ್ಲೂಕಿನಲ್ಲಿ ನಾನು ಕಂಡಿಲ್ಲ. ಜನ ಬಿಡುತ್ತಾರೆಯೇ? ಬೆಲ್ಲದ ಮೇಲೆ ತುಪ್ಪ ಸುರಿದರು, ಏಲಕ್ಕಿ ಹಾಕಿದರು, ಒಬ್ಬರಂತೂ ಬೆಲ್ಲವನ್ನೇ ಹೋಳಿಗೆಯೊಳಗೆ ಬಚ್ಚಿಟ್ಟು "ಒಳಗಿರದು ಬೆಲ್ಲವೇ ಅಲ್ದ" ಎಂದು ವಾದಿಸಿದರು. ಆ ವಾದದಲ್ಲಿ ಸೋತು ನಾವು ತಲಾ ಎರಡು ತಿಂದೆವು.

ಬೇರೆ ಬದಲಾವಣೆಗಳೂ ಆದವು. ಮೊದಲು ವೇದಿಕೆ ಕಟ್ಟಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚೆಕ್ಕು ಕೊಡುತ್ತಿದ್ದೆವು. ಗಿರಿಜಳ ಜಗಲಿಯಿಂದ ಬಂದ ಮೇಲೆ ನನಗೆ ಅದನ್ನು ನೋಡಲಾಗಲಿಲ್ಲ, ಜಗಳವಾಡಿ ನಿಲ್ಲಿಸಿದೆ. ವೇದಿಕೆಯ ಮೇಲಿನ ಹಾರ ತಪ್ಪಿತೆಂದು ಕೆಲವು ದಾನಿಗಳು ಒಂದು ವರ್ಷ ಮುಖ ಊದಿಸಿಕೊಂಡಿದ್ದರು. ಈಗ ಹಣ ನೇರ ಬ್ಯಾಂಕಿಗೆ ಹೋಗುತ್ತದೆ. ಅರ್ಜಿ ಮೊಬೈಲಿನಲ್ಲೇ. ಮನೆಯ ಫೋಟೋ ಹಾಕಿದರೆ ಸಾಕು, ಭೇಟಿ ಬೇಡ ಎಂದು ಸಮಿತಿಯ ಹೊಸಬರು ಒಂದು ವರ್ಷ ಪ್ರಯೋಗ ಮಾಡಿದರು. ಒಂದೇ ಊರಿನ ನಾಲ್ಕು ಅರ್ಜಿಗಳಲ್ಲಿ ಒಂದೇ ಹಸಿರು ಬಾಗಿಲು, ಅದರ ಮುಂದೆ ಒಂದೇ ತುಳಸಿಕಟ್ಟೆ. ನಾಲ್ಕರಲ್ಲೂ ಅದೇ ಬೆಕ್ಕು. ಮರುವರ್ಷ ಜೀಪು ಮತ್ತೆ ಹೊರಟಿತು.

ಸವಿತ ಓದು ಮುಗಿಸಿ ಈಗ ಪೇಟೆಯ ಲ್ಯಾಬೊಂದರಲ್ಲಿದ್ದಾಳೆ. ನನ್ನ ರಕ್ತ ತೆಗೆಯುವವಳು ಅವಳೇ. ಸೂಜಿ ಚುಚ್ಚುವಾಗ ಒಮ್ಮೆಯೂ ನೋಯಿಸಿಲ್ಲ, ರಿಪೋರ್ಟು ಕೊಡುವಾಗ ಮಾತ್ರ ಬೈಯುತ್ತಾಳೆ. "ಅಕ್ಕ, ಬೆಲ್ಲ-ನೀರಿನ ನಿಯಮ ಮಾಡಿದ್ರಲ್ಲ, ಅದರಲ್ಲಿ ಬೆಲ್ಲ ತೆಗೆದುಬಿಡಿ." ಹೋದ ವರ್ಷ ಮನೆಯ ಸುದ್ದಿ ಕೇಳಿದಾಗ, "ಅಮ್ಮ ಆರು ಕುರ್ಚಿ ತಗೊಂಡಿದ್ದಾಳೆ. ಒಂದು ಡಜನ್ ಲೋಟ. ಮನೇಲಿರದು ನಾವಿಬ್ರು. ಎಂತಕ್ಕೆ ಅಂತ ಕೇಳಿದ್ರೆ 'ಬೇಕಾಗುತ್ತೆ ಸುಮ್ನಿರು' ಅಂತಾಳೆ" ಎಂದು ನಕ್ಕಳು. ನಾನೂ ನಕ್ಕು ಮರೆತೆ.

ನನ್ನ ಕಡೆಯ ವರ್ಷದ ಒಂದು ಭೇಟಿ ಕಡಹಿನಬೈಲಿನ ಅದೇ ಕೇರಿಯಲ್ಲಿ ಬಂತು. ಜೊತೆಗೆ ಅನುಷಾ. ಗೌಡರು ಮಂಡಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದರು. ಕೂಲಿ ಮಾಡುವ ಗಂಡ ಹೆಂಡತಿ, ಪಿಯುಸಿ ಮುಗಿಸಿದ ಮಗ. ಚಾಪೆ ಸಾಕೆಂದು ಫೋನಿನಲ್ಲಿ ಹೇಳಿದ್ದರೂ ಜಗಲಿಯಲ್ಲಿ ಮೆರೂನ್ ಬಣ್ಣದ ಆರು ಕುರ್ಚಿಗಳು. ಬೆಲ್ಲ-ನೀರಿನ ಹಿಂದೆಯೇ ಕಾಫಿಯೂ ಬಂತು. ಬೇಡವೆನ್ನಲು ಬಾಯಿ ತೆರೆದವಳು ಲೋಟ ನೋಡಿ ಸುಮ್ಮನಾದೆ. ಅಂಚಿನ ಕೆಳಗೆ ಹೊಸದಾಗಿ ಕೊರೆಸಿದ ಹೆಸರು: ಗಿರಿಜ. ನಾನೇ ಮಾಡಿದ ನಿಯಮವನ್ನು ನಾನೇ ಮುರಿದು, ಸಕ್ಕರೆ ಹಾಕಿದ ಆ ಕಾಫಿಯನ್ನು ಕಡೆಯ ಗುಟುಕಿನವರೆಗೆ ಕುಡಿದೆ. ಸವಿತಳಿಗೆ ಹೇಳಬೇಡಿ.

ಜೀಪು ಹೊರಟ ಕೂಡಲೇ ಅನುಷಾ ಅಂದಳು: "ಅಕ್ಕ, ಇವರದು ಪರವಾಗಿಲ್ಲ ಅನ್ಸುತ್ತೆ. ಅಷ್ಟೊಂದು ಕುರ್ಚಿ, ಒಳ್ಳೊಳ್ಳೆ ಲೋಟ..."

ನಾನು ತಿರುವಿನಲ್ಲಿ ಸ್ವಲ್ಪ ನಿಲ್ಲಿಸಲು ಜೀಪಿನವನಿಗೆ ಹೇಳಿದೆ. ಅಲ್ಲಿಂದ ಕೆಳಗೆ ಗದ್ದೆಯ ಅಂಚು ಚೆನ್ನಾಗಿ ಕಾಣುತ್ತದೆ. ನಾವು ಹೆಚ್ಚು ಕಾಯಬೇಕಾಗಲಿಲ್ಲ. ಆ ಮನೆಯ ಕಡೆಯಿಂದ ಮೂವರು ಹೆಂಗಸರು ಒಬ್ಬರ ಹಿಂದೊಬ್ಬರು ಅಂಚಿನ ಮೇಲೆ ಬಂದರು. ಮೂವರ ತಲೆಯ ಮೇಲೂ ಎರಡೆರಡು ಮೆರೂನ್ ಕುರ್ಚಿ. ಅನುಷಾ ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಲೇ ಇದ್ದಳು.

"ಅಕ್ಕ, ಹಂಗಾದ್ರೆ..."

"ಹೌದು ಮಾರಾಯ್ತಿ, ಹಂಗಾದ್ರೆ."

ಎಲ್ಲರಿಗಿಂತ ಮುಂದೆ ಬರುತ್ತಿದ್ದವಳು ಗಿರಿಜ. ಕೂದಲು ಪೂರಾ ಬೆಳ್ಳಗಾಗಿದೆ. ತನ್ನದೇ ಕುರ್ಚಿಗಳನ್ನು ನೆರೆಯವರ ಮನೆಯಿಂದ ತನ್ನ ಮನೆಗೆ ಹೊತ್ತು ಸಾಗಿಸುತ್ತಿದ್ದಳು. ತಲೆ ಎತ್ತಿದವಳಿಗೆ ತಿರುವಿನಲ್ಲಿ ನಿಂತ ಜೀಪು ಕಂಡಿತು, ನಾನು ಕಂಡೆ. ಸಿಕ್ಕಿಬಿದ್ದೆ ಎಂದು ತಿಳಿದು ಅಲ್ಲೇ ನಿಂತಳು. ಎರಡು ಕೈಯಲ್ಲೂ ಕುರ್ಚಿ ಹಿಡಿದದ್ದರಿಂದ ಕೈ ಮುಗಿಯಲು ಆಗಲಿಲ್ಲ. ಬಾಯಿ ತುಂಬ ನಕ್ಕಳು.